ಬಿಸಿಲಿನಲ್ಲಿ ನಿಂತ ಗಾಡಿ

ಉದಗೀರದಿಂದ ನಿಲಂಗಾ ಮಾರ್ಗವಾಗಿ ಉಮರ್ಗಾಕ್ಕೆ ಹೋಗುವ ದಾರಿಯಲ್ಲಿ ವೈಶಾಖದ ಬಿಸಿಲು ಎಂಥದೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಕೆಲವು ವರ್ಷಗಳ ಹಿಂದೆ ಅಂಥದೊಂದು ದಿನ ನಾವು ನೆರೆಯವರೊಬ್ಬರ ಹಳೆಯ ಪದ್ಮಿನಿ ಕಾರಿನಲ್ಲಿ ಉಮರ್ಗಾದ ಮದುವೆಗೆ ಹೊರಟಿದ್ದೆವು. ನಿಲಂಗಾ ದಾಟಿದ ಮೇಲೆ ಗಾಡಿಯು ಎರಡು ಮೂರು ಸಲ ಮುಗ್ಗರಿಸಿ ನಿಂತುಬಿಟ್ಟಿತು. ಬೇವಿನ ನೆರಳಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದು ಬಂದು, "ಪಂಪಿನ ಮ್ಯಾಲ ಹಸಿ ಅರಿಬಿ ಹಾಕ್ರಿ, ಪೆಟ್ರೋಲ್ ಹಬಿ ಆಗ್ಯಾದ" ಎಂದರು. ಹಾಗೆಯೇ ಮಾಡಿ ಅರ್ಧ ಗಂಟೆ ಕುಳಿತೆವು. ಗಾಡಿಯು ಹೊರಟಿತು, ಮುಂದೆ ಹೋಗಿ ಪುನಃ ನಿಂತಿತು. ನಾವು ತಲುಪಿದಾಗ ಅಕ್ಷತೆಯ ಹೊತ್ತು ಮೀರಿತ್ತು. ಊಟ ಮಾತ್ರ ದೊರಕಿತು.

ಮರುವಾರ ನೆರೆಯವರು, ಮಗಳ ಶಾಲೆಯ ಖರ್ಚಿಗೆಂದು ತೆಗೆದಿರಿಸಿದ್ದ ಹಣದಿಂದ ಹೊಸ ಪಂಪನ್ನು ಹಾಕಿಸಿದರು. ಗಾಡಿಯು ಮೊದಲಿನಂತೆಯೇ ನಿಲ್ಲತೊಡಗಿತು. ಹಿರಿಯರು ಹೇಳಿದ್ದು ಸುಳ್ಳಲ್ಲ, ಅಂಥ ದೋಷವು ನಿಜವಾಗಿಯೂ ಉಂಟು. ಹಾಗಾದರೆ ನಾವು ಎಡವಿದ್ದೆಲ್ಲಿ?

ಈ ಗಾಡಿಯ ಪರಿಚಯವನ್ನು ಮೊದಲು ಮಾಡಿಕೊಳ್ಳೋಣ. ಮುಂಬಯಿಯ ಕುರ್ಲಾದ ಕಾರಖಾನೆಯಲ್ಲಿ 1964ರಿಂದ ತಯಾರಾದ 'ಫಿಯಾಟ್ 1100 ಡಿಲೈಟ್' ಎಂಬ ಗಾಡಿಯೇ 1974ರಲ್ಲಿ 'ಪ್ರೀಮಿಯರ್ ಪದ್ಮಿನಿ' ಎಂಬ ಹೆಸರನ್ನು ಪಡೆಯಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಎಲ್ಲರಿಗೂ ಗೊತ್ತಿದ್ದ ಇದು 2023ರ ಅಕ್ಟೋಬರದಲ್ಲಿ ಆ ಕೆಲಸದಿಂದ ನಿವೃತ್ತವಾಯಿತು. ನಾಲ್ಕು ಸಿಲಿಂಡರು, 1089 ಘನ ಸೆಂಟಿಮೀಟರು; ಗಣಕಯಂತ್ರದ ಸಹಾಯವೇನೂ ಇಲ್ಲದ ಎಂಜಿನು. ಆದುದರಿಂದ ವಿದ್ಯಾರ್ಥಿಗಳು ಕಣ್ಣಿನಿಂದ ನೋಡಿ ತಿಳಿಯುವದಕ್ಕೆ ಇದರಷ್ಟು ಅನುಕೂಲವಾದುದು ವಿರಳ.

ಎಂಜಿನು ನಡೆಯಬೇಕಾದರೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಬೇಕು, ಸಕಾಲದಲ್ಲಿ ಕಿಡಿಯೂ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅದು ನಿಲ್ಲುವದು. ಕಾದ ಮೇಲೆ ಮಾತ್ರ ನಿಲ್ಲುವ ಗಾಡಿಯಲ್ಲಿ ಮುಖ್ಯವಾಗಿ ಮೂರು ದೋಷಗಳನ್ನು ಶಂಕಿಸಬೇಕು.

ಮೊದಲನೆಯದು ಹಿರಿಯರು ಹೇಳಿದುದು. ಪೆಟ್ರೋಲು ನೀರಿನಂತೆ ಒಂದೇ ಉಷ್ಣತೆಯಲ್ಲಿ ಕುದಿಯುವ ದ್ರವವಲ್ಲ. ಅನೇಕ ದ್ರವಗಳ ಬೆರಕೆಯಾದುದರಿಂದ ಅದರ ಹಗುರಾದ ಭಾಗವು ಸುಮಾರು 40 ಡಿಗ್ರಿಯಲ್ಲಿಯೇ ಕುದಿಯತೊಡಗುವದು. ಪಂಪು ಎಂಜಿನಿಗೆ ಅಂಟಿಕೊಂಡೇ ಇದ್ದು ಅದರ ಕಾವನ್ನು ಹೀರುತ್ತದೆ. ಮೇಲಾಗಿ ಪಂಪು ಎಳೆಯುವಾಗ ಕೊಳವೆಯಲ್ಲಿ ಒತ್ತಡವು ತಗ್ಗುವದು. ಎತ್ತರದ ಬೆಟ್ಟದ ಮೇಲೆ ನೀರು ಬೇಗನೆ ಕುದಿಯುವಂತೆ ಅಲ್ಲಿ ಪೆಟ್ರೋಲೂ ಬೇಗನೆ ಕುದಿಯುವದು. ಗುಳ್ಳೆಗಳು ತುಂಬಿದರೆ ಪಂಪಿನ ಪೊರೆಯು ಆವಿಯನ್ನು ಹಿಂಡುತ್ತ ಕೂಡ್ರುವದೇ ಹೊರತು ಪೆಟ್ರೋಲನ್ನು ಮುಂದೆ ನೂಕಲಾರದು.

ಎರಡನೆಯದು ಟಾಕಿಯದು. ಕುಸುಬಿ ಎಣ್ಣೆಯ ಡಬ್ಬಿಗೆ ಒಂದೇ ತೂತು ಮಾಡಿದರೆ ಎಣ್ಣೆಯು ಗುಳುಗುಳು ಎಂದು ತಡೆತಡೆದು ಬೀಳುವದನ್ನು ನೀವು ಅಂಗಡಿಯಲ್ಲಿ ಕಂಡಿರಬಹುದು. ಟಾಕಿಗೂ ಗಾಳಿಯ ರಂಧ್ರವು ಬೇಕು. ಅದು ಧೂಳಿನಿಂದ ಮುಚ್ಚಿದರೆ ಪೆಟ್ರೋಲು ಕಡಿಮೆಯಾದಂತೆ ಒಳಗೆ ನಿರ್ವಾತವು ಬೆಳೆದು, ಪಂಪು ಎಳೆದರೂ ಬಾರದಂತಾಗುವದು.

ಮೂರನೆಯದು ಕಿಡಿಯದು. ಬ್ಯಾಟರಿಯ 12 ವೋಲ್ಟನ್ನು ಹತ್ತು ಸಾವಿರಕ್ಕೂ ಮೀರಿ ಏರಿಸುವ ಕಾಯಿಲ್ ಎಂಬ ಡಬ್ಬಿಯಲ್ಲಿ ಸಾವಿರಾರು ಸುತ್ತು ತೆಳುವಾದ ತಂತಿಯುಂಟು. ತಂತಿಯ ನಿರೋಧಕ ಲೇಪವು ಹಳೆಯದಾದರೆ, ಕಾದಾಗ ವಿದ್ಯುತ್ತು ಒಳಗೊಳಗೇ ಸೋರಿಹೋಗಿ ಕಿಡಿಯು ಸಾಯುವದು. ತಣ್ಣಗಾದೊಡನೆ ಪುನಃ ಹುಟ್ಟುವದು. ಕಂಡೆನ್ಸರೂ ಹೀಗೆಯೇ ಕೈಕೊಡುವದುಂಟು.

ಇಲ್ಲಿ ಒಂದು ವಿಷಯವನ್ನು ಗಮನಿಸಿರಿ. ಅರ್ಧ ಗಂಟೆ ಸುಮ್ಮನೆ ಕುಳಿತರೆ ಆವಿಯು ದ್ರವವಾಗುವದು, ಟಾಕಿಯೊಳಗೆ ಗಾಳಿಯು ಮೆಲ್ಲಗೆ ನುಸುಳುವದು, ಕಾಯಿಲ್ಲೂ ತಣಿಯುವದು. ಮೂರೂ ದೋಷಗಳು ಕಾಯುವದರಿಂದಲೇ ಮಾಯವಾಗುತ್ತವೆ! ಗಾಡಿಯನ್ನು ಹೊರಡಿಸಿದ್ದು ಅರ್ಧ ಗಂಟೆಯ ವಿಶ್ರಾಂತಿ. ನಾವು ಅದರ ಕೀರ್ತಿಯನ್ನು ಅರಿಬಿಗೆ ಕೊಟ್ಟೆವು.

ಆದುದರಿಂದ ಪರೀಕ್ಷೆಯನ್ನು ಗಾಡಿಯು ನಿಂತ ಕ್ಷಣದಲ್ಲಿಯೇ ಮಾಡತಕ್ಕದ್ದು. ಮೊದಲು ಟಾಕಿಯ ಮುಚ್ಚಳವನ್ನು ತಿರುವಿರಿ. ಗಾಳಿಯು 'ಸುಸ್' ಎಂದು ಒಳಗೆ ನುಗ್ಗಿ ಎಂಜಿನು ಕೂಡಲೆ ಚಾಲೂ ಆದರೆ ದೋಷವು ರಂಧ್ರದ್ದು. ಇಲ್ಲವಾದರೆ ಮುಚ್ಚಳವನ್ನು ಭದ್ರವಾಗಿ ಹಾಕಿ ಕಿಡಿಯನ್ನು ನೋಡಬೇಕು. ಕಾಯಿಲ್ಲಿನಿಂದ ಬರುವ ದಪ್ಪ ತಂತಿಯ ತುದಿಯನ್ನು ಬಿಡಿಸಿ, ಬಟ್ಟೆ ಒಣಹಾಕುವ ಒಣ ಕಟ್ಟಿಗೆಯ ಚಿಮುಟದಿಂದ ಹಿಡಿದು, ಎಂಜಿನಿನ ಕಬ್ಬಿಣಕ್ಕೆ ಸುಮಾರು ಅರ್ಧ ಸೆಂಟಿಮೀಟರು ದೂರವಿಟ್ಟು ಸ್ಟಾರ್ಟರನ್ನು ತಿರುಗಿಸಬೇಕು. ನೀಲಿಯ ಕಿಡಿಯು ಚಟಚಟನೆ ಹಾರಿದರೆ ಕಾಯಿಲ್ಲು ನಿರಪರಾಧಿ. ಕಿಡಿಯು ಬಾರದಿದ್ದರೆ, ಇಲ್ಲವೆ ಹಳದಿಯಾಗಿ ಸೊರಗಿದ್ದರೆ, ಪೆಟ್ರೋಲಿನ ಗೊಡವೆಗೆ ಹೋಗದೆ ಕಾಯಿಲ್ಲನ್ನೂ ಕಂಡೆನ್ಸರನ್ನೂ ವಿಚಾರಿಸಬೇಕು. ಪೆಟ್ರೋಲು ಸೋರಿದ ವಾಸನೆ ಇದ್ದಲ್ಲಿ ಈ ಪರೀಕ್ಷೆಯು ಸರ್ವಥಾ ಕೂಡದು; ಹುಡುಗರು ಹಿರಿಯರಿಲ್ಲದೆ ಇದಕ್ಕೆ ಕೈಹಾಕಲೂಬಾರದು.

ಕಿಡಿಯು ಒಳ್ಳೆಯದಿದ್ದರೆ ಮಾತ್ರ ಹಸಿ ಅರಿಬಿಯ ಸರದಿ. ಪಂಪೊಂದನ್ನೇ ತಣಿಸಿ, ಐದು ನಿಮಿಷದೊಳಗೆ ಚಾಲೂ ಮಾಡಿ ನೋಡಿರಿ. ಉಳಿದುದೆಲ್ಲ ಬಿಸಿಯಾಗಿಯೇ ಇರುವಾಗ ಗಾಡಿಯು ಹೊರಟರೆ ಆಗ ಆವಿಯನ್ನು ದೂರಬಹುದು. ಈಗಿನ ಪೆಟ್ರೋಲಿನ ಮಾತೂ ಒಂದಿದೆ: 2025ರ ಹೊತ್ತಿಗೆ ಅದರಲ್ಲಿ ನೂರಕ್ಕೆ 20 ಪಾಲು ಎಥನಾಲು ಬೆರೆಯತೊಡಗಿತು. ಅದು ಹಳೆಯ ರಬ್ಬರಿನ ಕೊಳವೆ ಹಾಗೂ ಪೊರೆಗಳನ್ನು ಕೆಡಿಸಬಲ್ಲದು. ಅವುಗಳನ್ನು ಆಗಾಗ ಮುಟ್ಟಿ ನೋಡುತ್ತಿರಬೇಕು.

ನೆರೆಯವರ ಗಾಡಿಯು ಮುಂದಿನ ಸಲ ನಿಂತಾಗ ನಾವು ಈ ಕ್ರಮದಲ್ಲಿಯೇ ನೋಡಿದೆವು. ಮುಚ್ಚಳದಲ್ಲಿ ಸದ್ದಿಲ್ಲ, ಕಿಡಿಯು ಹಳದಿ, ಅದೂ ಬಂದು ಬಾರದಂತೆ. ಕಂಡೆನ್ಸರನ್ನು ಬದಲಿಸಿದರೂ ಗುಣ ಕಾಣಲಿಲ್ಲ. ಕಾಯಿಲ್ಲನ್ನು ಬದಲಿಸಿದ ಮೇಲೆ ಗಾಡಿಯು ಜ್ಯೇಷ್ಠದ ಮಳೆ ಬರುವವರೆಗೆ ಒಮ್ಮೆಯೂ ದಾರಿಯಲ್ಲಿ ನಿಲ್ಲಲಿಲ್ಲ. ಬಿಚ್ಚಿ ತೆಗೆದ ಹಳೆಯ ಪಂಪು ಅವರ ಮನೆಯ ಅಟ್ಟದ ಮೇಲಿದೆ. ಅದರಲ್ಲಿ ಯಾವ ದೋಷವೂ ಇಲ್ಲ.