ಎಂಡಿಎಸ್ ವಿದ್ಯಾರ್ಥಿಗಳೇ, ಕೇಸ್ ಎಣಿಸಿದರೆ ಸಾಲದು

ದಂತವೈದ್ಯಕೀಯದ ಒಂಬತ್ತು ಸ್ನಾತಕೋತ್ತರ ವಿಭಾಗಗಳಲ್ಲಿ ಯಾವುದಕ್ಕೆ ಸೇರಿದರೂ ಎಂಡಿಎಸ್ 3 ವರ್ಷ. ಮುಗಿಯುವ ಹೊತ್ತಿಗೆ ಎಷ್ಟು ಕೇಸ್ ಮಾಡಿದಿರಿ ಎಂದರೆ ಪಿ.ಜಿ.ಗಳು ಥಟ್ಟನೆ ಹೇಳುತ್ತಾರೆ. ಆ ಹಲ್ಲುಗಳು ಈಗ ಹೇಗಿವೆ ಎಂದು ಕೇಳಿ ನೋಡಿ, ಉತ್ತರ ತಡವರಿಸುತ್ತದೆ. ಕೈ ಪಳಗಿತೋ ಇಲ್ಲವೋ ತಿಳಿಯುವುದು ಈ ಎರಡನೇ ಪ್ರಶ್ನೆಯಿಂದಲೇ.

1. ಲಾಗ್‌ಬುಕ್ ಅವತ್ತೇ ಬರೆಯಿರಿ. ಪರೀಕ್ಷೆ ಹತ್ತಿರ ಬಂದಾಗ ಹಳೆಯ ಕೇಸ್ ಶೀಟ್‌ಗಳನ್ನು ಕೆದಕಿ ತುಂಬಿಸಿ, ಒಟ್ಟಿಗೆ ಸಹಿ ಹಾಕಿಸಿಕೊಂಡ ಪುಸ್ತಕದಿಂದ ಯಾರಿಗೂ ಉಪಯೋಗವಿಲ್ಲ. ಮುಂದಿನ ರೋಗಿ ಚೇರ್‌ಗೆ ಬರುವ ಮುಂಚೆ ನಾಲ್ಕು ಸಾಲು ಬರೆದರೆ ಸಾಕು.

2. ನಿಮ್ಮ ಪಾತ್ರವೇನು ಎಂದು ನಮೂದಿಸಿ. ನೋಡಿದ್ದು, ಸಹಾಯಕ್ಕೆ ನಿಂತದ್ದು, ಗೈಡ್ ಎದುರು ಮಾಡಿದ್ದು, ಸ್ವತಂತ್ರವಾಗಿ ಮಾಡಿದ್ದು: ನಾಲ್ಕಕ್ಕೂ ಬೇರೆ ಬೇರೆ ಕಾಲಂ ಇರಲಿ. ತಿಂಗಳು ಕಳೆದಂತೆ ಎಂಟ್ರಿಗಳು ಕೊನೆಯ ಕಾಲಂ ಕಡೆಗೆ ಸರಿಯಬೇಕು. ಸರಿಯದಿದ್ದರೆ ಗೈಡ್ ಕೂಡಲೇ ಕೇಳಲಿ.

3. ಕೇಸ್ ಎಷ್ಟು ಕಠಿಣವಾಗಿತ್ತು ಎಂಬುದೂ ದಾಖಲಾಗಲಿ. ಮೇಲಿನ ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ಕೆನಾಲ್. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ಎಂಬಿ2 ಎಂಬ ನಾಲ್ಕನೇ ಕೆನಾಲ್ ಹಲವು ಬಾರಿ ಅಡಗಿ ಕೂತಿರುತ್ತದೆ. ಅದನ್ನು ಹುಡುಕುವುದರಲ್ಲೇ ಅರ್ಧ ಬೆಳಿಗ್ಗೆ ಕಳೆಯಬಹುದು. ಲಾಗ್‌ಬುಕ್‌ನಲ್ಲಿ ಮಾತ್ರ ಎರಡೂ ‘ಆರ್‌ಸಿಟಿ - 1’! ಹಲ್ಲಿನ ಸಂಖ್ಯೆ, ಸಿಕ್ಕ ಕೆನಾಲ್‌ಗಳೆಷ್ಟು, ಬೇರು ಎಷ್ಟು ಬಾಗಿತ್ತು, ರಬ್ಬರ್ ಡ್ಯಾಂ ಹಾಕಿದಿರಾ, ತುಂಬಿದ್ದು ಬೇರಿನ ತುದಿಗೆ ಎಷ್ಟು ಮಿ.ಮೀ. ದೂರದಲ್ಲಿ ನಿಂತಿತು, ಇಷ್ಟನ್ನೂ ಬರೆಯಿರಿ.

4. ರೋಗಿಯನ್ನು ಮತ್ತೆ ಕರೆಸಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸೂತ್ರ ಇದು. ರೂಟ್ ಕೆನಾಲ್ ಮುಗಿದ ದಿನದ ಎಕ್ಸ್‌ರೇ ಎಷ್ಟೇ ಚೆಂದ ಬಂದಿರಲಿ, ಬೇರಿನ ತುದಿಯ ಗಾಯ ಮಾಯಿತೇ ಎಂದು ಹೇಳುವುದು ವರ್ಷದ ನಂತರದ ಎಕ್ಸ್‌ರೇ. ಎರಡಕ್ಕೂ ಪಿಎಐ ಸೂಚ್ಯಂಕದಲ್ಲಿ 1ರಿಂದ 5ರವರೆಗೆ ಅಂಕ ಕೊಡಿ. 1986ರಿಂದ ಬಳಕೆಯಲ್ಲಿರುವ ಸರಳ ಅಳತೆ ಅದು. ವಸಡಿನ ಚಿಕಿತ್ಸೆಯಾದರೆ 4ರಿಂದ 6 ವಾರಕ್ಕೆ ಪ್ರತಿ ಹಲ್ಲಿನ ಸುತ್ತ ಆರು ಕಡೆ ಪ್ರೋಬ್ ಇಟ್ಟು ಮತ್ತೆ ಅಳೆಯಿರಿ. ದೂರದ ತಾಲ್ಲೂಕಿನಿಂದ ಬರುವವರಿಗೆ ಒಂದು ದಿನದ ಕೂಲಿ ಹೋಗುತ್ತದೆ ಎಂಬುದು ನೆನಪಿರಲಿ. ಬರಿಯ ಎಕ್ಸ್‌ರೇಗೆಂದು ಅವರನ್ನು ಅಲೆಸಬೇಡಿ. ಬಾಕಿ ಇರುವ ಕ್ಯಾಪ್ ಅಥವಾ ಕ್ಲೀನಿಂಗನ್ನೂ ಅದೇ ದಿನಕ್ಕೆ ಹೊಂದಿಸಿ.

5. ಆರ್ಥೋ ಪಿ.ಜಿ.ಗಳು ಮೊದಲ ವರ್ಷದಲ್ಲೇ ಕೇಸ್ ಶುರು ಮಾಡಿ. ಕ್ಲಿಪ್ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ ಬೇಕು. ತಡವಾದರೆ ಮುಗಿಸುವವರು ನಿಮ್ಮ ಜೂನಿಯರ್‌ಗಳು. ಮುಗಿಸುವ ಕಲೆ ನಿಮಗೆ ದಕ್ಕುವುದಿಲ್ಲ. ಮೊದಲಿನ, ಕೊನೆಯ ಮಾಡೆಲ್‌ಗಳನ್ನು ಪಾರ್ ಸೂಚ್ಯಂಕದಲ್ಲಿ ಅಳೆದಿಡಿ.

6. ಗೈಡ್‌ಗಳು ಚೇರ್ ಪಕ್ಕದಲ್ಲೇ ನಿಂತು ನೋಡಬೇಕು. ಒಂದು ಹಂತವನ್ನು ಪೂರ್ತಿ ಗಮನಿಸಿ, ಯಾವುದು ಸರಿಯಿತ್ತು, ಯಾವುದನ್ನು ತಿದ್ದಿಕೊಳ್ಳಬೇಕು ಎಂದು ರೋಗಿ ಹೋದ ಮೇಲೆ ಅಲ್ಲೇ ಹೇಳಿ. ಆರು ತಿಂಗಳ ನಂತರದ ಬುದ್ಧಿಮಾತು ಕೈಗೆ ಇಳಿಯುವುದಿಲ್ಲ.

7. ಕೆಟ್ಟ ಕೇಸ್‌ಗಳಿಗೂ ಪುಟವಿರಲಿ. ಕೆನಾಲ್‌ನಲ್ಲಿ ಮುರಿದ ಫೈಲ್, ಬೇರಿನಲ್ಲಿ ಬಿದ್ದ ತೂತು, ಬುದ್ಧಿಹಲ್ಲು ತೆಗೆದ ಮೇಲೆ ಮರಗಟ್ಟಿದ ತುಟಿ, ಎಲ್ಲವೂ ಬರಲಿ. ರೋಗಿಗೆ ಏನು ಹೇಳಿದಿರಿ, ಮುಂದೇನು ಮಾಡಿದಿರಿ ಎಂಬುದೂ ಇರಲಿ. ಒಂದು ಸಲ ಆ ಪುಟ ತೋರಿಸಿ ಬೈದರೆ ಮರುದಿನದಿಂದ ಇಡೀ ವಿಭಾಗ ಬರೆಯುವುದನ್ನೇ ನಿಲ್ಲಿಸುತ್ತದೆ.

8. ರೋಗಿಯ ಹೆಸರು ಬೇಡ, ಓಪಿಡಿ ನಂಬರ್ ಸಾಕು. ಫೋಟೊಗಳು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಗಕೂಡದು.

ವಿಭಾಗದ ಮುಖ್ಯಸ್ಥರಲ್ಲಿ ಒಂದು ವಿನಂತಿ: ಮುಂದಿನ ಸಭೆಗೆ ಎರಡನೇ, ಮೂರನೇ ವರ್ಷದ ಪ್ರತಿ ಪಿ.ಜಿ.ಯೂ ತಾನು ವರ್ಷದ ಹಿಂದೆ ಮುಗಿಸಿದ ಒಂದು ಕೇಸ್‌ನ ಅಂದಿನ ಮತ್ತು ಇಂದಿನ ದಾಖಲೆಗಳನ್ನು ತರಲಿ ಎಂದು ಇವತ್ತೇ ಸೂಚನೆ ಹೊರಡಿಸಿ.