ಮೀನಿನ ಕೆರೆಗೆ ಮೈಲುತುತ್ತು ಬೇಡ

ತೋಟದ ಕೆರೆಯಲ್ಲಿ ಮೀನು ಬಿಟ್ಟವರು ನೀರು ತುಸು ಹಸಿರಾದರೆ ಗಾಬರಿಪಡಬೇಕಿಲ್ಲ. ಅದು ಮೀನಿಗೆ ಮೇವು. ಮೊಣಕೈವರೆಗೆ ಕೈ ಮುಳುಗಿಸಿ ನೋಡಿ. ಅದಕ್ಕೂ ಮೊದಲೇ ಅಂಗೈ ಹಸಿರಲ್ಲಿ ಮರೆಯಾದರೆ ಪಾಚಿ ಅತಿಯಾಗಿದೆ.

ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಬಳಸುತ್ತದೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡೋದು ಇದಕ್ಕೇ. ಬೋರ್ಡೋಗೆ ತಂದ ಮೈಲುತುತ್ತು ಮನೆಯಲ್ಲಿದೆಯೆಂದು ಕೆರೆಗೆ ಸುರಿಯಬೇಡಿ. ತಾಮ್ರ ಮೀನಿಗೂ ವಿಷ. ಸತ್ತ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಉಳಿದ ಆಮ್ಲಜನಕವನ್ನೂ ಮುಗಿಸುತ್ತವೆ.

ಸೆಗಣಿ, ಯೂರಿಯಾ, ಹಿಂಡಿ ಹಾಕೋದು ನಿಲ್ಲಿಸಿ. ತೇಲುವ ಪಾಚಿಯನ್ನು ಬಲೆಯಲ್ಲಿ ಎಳೆದು ಗೊಬ್ಬರದ ಗುಂಡಿಗೆ ಹಾಕಿ. ಕಾಲು ಭಾಗ ನೀರನ್ನು ಅಡಿಕೆಗೆ ಬಿಟ್ಟು ಹೊಸ ನೀರು ತುಂಬಿಸಿ. ಮೀನು ಬಾಯಿ ಬಿಡುತ್ತಿದ್ದರೆ ತಡಮಾಡದೆ ಪಂಪಿನ ನೀರನ್ನು ಎತ್ತರದಿಂದ ಕೆರೆಗೇ ಚಿಮ್ಮಿಸಿ.