ಕೊಡುವ ಕೈಗೊಂದು ಕಿವಿಮಾತು

ಅಂಗಾಂಗ ಕಸಿಗೆ ನೆರವು ಕೋರುವ ಮನವಿ ಕಂಡರೆ ಮನಸ್ಸು ಕರಗುತ್ತದೆ, ಕರಗಲಿ. ಆದರೆ ಪಾತ್ರವರಿತು ಕೊಡಿ. ಹಣವನ್ನು ನೇರವಾಗಿ ಆಸ್ಪತ್ರೆಯ ಖಾತೆಗೋ ನೋಂದಾಯಿತ ಟ್ರಸ್ಟಿಗೋ ಕಳಿಸಿ, ರಸೀದಿ ಪಡೆಯಿರಿ. ಶಸ್ತ್ರಚಿಕಿತ್ಸೆಯೊಂದಿಗೆ ಖರ್ಚು ಮುಗಿಯುವುದಿಲ್ಲ. ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ಕಾಯುವ ಮಾತ್ರೆಗಳು ನಿತ್ಯವೂ ಬೇಕು. ಅದಕ್ಕೂ ನೆರವಾಗಿ.

ಸಂಶೋಧನೆಗೂ ಒಂದು ಪಾಲಿರಲಿ. 1954ರಲ್ಲಿ ಬಾಸ್ಟನ್‌ನಲ್ಲಿ ಯಶಸ್ವಿಯಾದ ಮೊದಲ ಮೂತ್ರಪಿಂಡ ಕಸಿ ನಡೆದದ್ದು ತದ್ರೂಪಿ ಅವಳಿಗಳ ನಡುವೆ. ಇಂದು ಅಪರಿಚಿತರ ಮೂತ್ರಪಿಂಡವೂ ಹೊಂದುತ್ತಿರುವುದು ಸಂಶೋಧನೆಯ ಫಲ. ಆದರೂ ಐಸ್‌ನಲ್ಲಿಟ್ಟ ಹೃದಯ ತಾಳುವುದು ನಾಲ್ಕಾರು ಗಂಟೆ ಮಾತ್ರ. ಕಲಿಯಬೇಕಾದದ್ದು ಇನ್ನೂ ಇದೆ.

ಕೊಡಲು ಹಣವಿಲ್ಲವೆಂದು ಕೊರಗಬೇಡಿ. ಕರ್ನಾಟಕದ ಅಂಗದಾನ ಸಂಸ್ಥೆ 'ಜೀವಸಾರ್ಥಕತೆ'ಯಲ್ಲಿ ದಾನಿಯಾಗಿ ಹೆಸರು ನೋಂದಾಯಿಸಿ, ಮನೆಯವರಿಗೂ ಇಂದೇ ತಿಳಿಸಿ. ಕೊನೆಗೆ ಒಪ್ಪಿಗೆ ಕೊಡಬೇಕಾದವರು ಅವರೇ.